ಆರು ತಿಂಗಳ ಆಷಾಢ

ಹಿಮ ಮಾಪನ ಯೋಜನೆಯ ಮಾನ್ಯ ನಿರ್ದೇಶಕರೇ,

ಹಿಮಾಚಲದ ಒಂದು ಕಣಿವೆಗೆ ಹೋಗುವ ರಸ್ತೆ ಹಿಮ ಬಿದ್ದು ಮುಚ್ಚಿಹೋಗಿದೆ ಎಂದು ನೀವು ಜಯನಗರದ ಕಚೇರಿಯಲ್ಲಿ ಕೂತು ಹೇಳುತ್ತಿದ್ದೀರಿ. ರಸ್ತೆ ತೆರೆದಿದೆ. ಬಸ್ಸು ಓಡುತ್ತಿದೆ. ಅದರ ಆ ತುದಿಯಲ್ಲಿ ನನ್ನ ಗಂಡ ಇದ್ದಾರೆ, ಈ ತುದಿಯಲ್ಲಿ ನಾನಿದ್ದೇನೆ, ನಡುವೆ ನಿಮ್ಮದೊಂದು ಸಹಿ ಬಾಕಿ ಇದೆ. ಇಂಗ್ಲಿಷ್‌ನಲ್ಲಿ ಅರ್ಜಿ ಬರೆದು ಬರೆದು ಸಾಕಾಯಿತು. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ ಆದರೂ ಅಳುವುದು, ಜಗಳವಾಡುವುದು ನನಗೆ ಕನ್ನಡದಲ್ಲೇ ಬರುತ್ತದೆ. ಆದ್ದರಿಂದ ಪತ್ರಿಕೆಯಲ್ಲಿ, ನಾಲ್ಕು ಜನರ ಎದುರಿಗೆ ಬರೆಯುತ್ತಿದ್ದೇನೆ.

ನಮ್ಮ ಮದುವೆಯಾದದ್ದು ಕಳೆದ ಮೇ ತಿಂಗಳಲ್ಲಿ. ನನ್ನ ಗಂಡ ಸಿದ್ದಾರೂಢ ನಿಮ್ಮ ಯೋಜನೆಯಲ್ಲೇ ಕೆಲಸ ಮಾಡುವವರು ಎಂಬುದು ನಿಮಗಿನ್ನೂ ನೆನಪಿದ್ದರೆ ಸಂತೋಷ. ಮದುವೆಯ ಅರಿಶಿನ ಆರುವ ಮೊದಲೇ ಆಷಾಢ ಬಂತು. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದೆಂದು ನನ್ನನ್ನು ಜಯನಗರದ ತವರಿಗೆ ಕಳಿಸಿದರು. ಇವರು ತಾಯಿಯ ಜೊತೆ ಬಿಟಿಎಂ ಲೇಔಟ್‌ನ ಬಾಡಿಗೆ ಮನೆಯಲ್ಲಿ. ಬಟ್ಟೆ ನೋಡುವ ನೆಪ ಹೇಳಿ ಸಂಜೆ ಫೋರ್ತ್ ಬ್ಲಾಕ್ ಕಾಂಪ್ಲೆಕ್ಸ್‌ನಲ್ಲಿ ಸಿಗುತ್ತಿದ್ದೆವು. ತಾಳಿ ಕಟ್ಟಿದ ಗಂಡನನ್ನೇ ಕದ್ದು ನೋಡುವುದರಲ್ಲಿ ಎಂಥಾ ಸುಖವಿದೆ ಅಂತ ನಿಮಗೆ ಹೇಗೆ ಹೇಳಲಿ! ಅಮ್ಮನಿಗೆ ಎಲ್ಲ ಗೊತ್ತಿತ್ತು. "ದಿನಾ ಅಂಗಡಿಗೆ ಹೋಗ್ತೀಯ, ಒಂದು ಕರ್ಚೀಫೂ ತರಲ್ವಲ್ಲೇ" ಎಂದು ನಗುತ್ತಿದ್ದಳು.

ಶ್ರಾವಣದಲ್ಲಿ ಮನೆ ಹೂಡಿದೆವು. ಗೌರಿ ಹಬ್ಬ ಮುಗಿಯುತ್ತಲೇ ನೀವು ಅವರನ್ನು ಕಣಿವೆಗೆ ಕಳಿಸಿದಿರಿ. ದೀಪಾವಳಿಗೆ ವಾಪಸ್ಸು, ಅವರ ಜಾಗಕ್ಕೆ ಮೌನೇಶ ಹೋಗುತ್ತಾರೆ ಎಂದಿರಿ. ಅಳಿಯನ ಮೊದಲ ದೀಪಾವಳಿ ಎಂದು ಅಪ್ಪ ಪಂಚೆ, ಶಲ್ಯ, ಎಣ್ಣೆಸ್ನಾನಕ್ಕೆ ಹೊಸ ಹಂಡೆ ತಂದಿಟ್ಟರು. ಮೌನೇಶರ ಪ್ರಯಾಣದ ಆದೇಶ ಮಾತ್ರ ನಿಮ್ಮ ಮೇಜಿನ ಮೇಲೆ ನಿದ್ದೆ ಹೋಗಿತ್ತು. ಅದು ಎಚ್ಚರಾಗುವಷ್ಟರಲ್ಲಿ ದೀಪಾವಳಿ ಕಳೆದು ನವೆಂಬರ್ ಹದಿನೈದೂ ದಾಟಿತ್ತು. ಅಂದಿನಿಂದ ಮೇ ಹದಿನೈದರವರೆಗೆ ರಸ್ತೆ ಬಂದ್, ಸಿಬ್ಬಂದಿ ಯಾರೂ ಹೋಗುವಂತಿಲ್ಲ, ಬರುವಂತಿಲ್ಲ ಎನ್ನುತ್ತದೆ ನಿಮ್ಮ ನಿಯಮ. ಈಗ ಸಂಕ್ರಾಂತಿಯೂ ಮುಗಿಯಿತು. ಹಂಡೆಯಲ್ಲಿ ಅಮ್ಮ ಅಕ್ಕಿ ತುಂಬಿಟ್ಟಿದ್ದಾಳೆ.

ಹೋದ ವಾರ ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಮೀಟಿಂಗ್‌ನಲ್ಲಿದ್ದಿರಿ. ಹೊರಗಿನ ಮೇಜಿನಲ್ಲಿ ಕೂರುವ ತಿರುಮಲೇಶ್ ಅವರು ಒಳ್ಳೆಯವರು, ಕಾಫಿ ತರಿಸಿದರು.

"ರೋಡ್ ಕ್ಲೋಸ್ ಆಗಿದೆ ಮೇಡಂ."

"ಸಾರ್, ಬೆಳಿಗ್ಗೆ ತಾನೇ ಫೋನ್ ಮಾಡಿದ್ರು. ಹೂಕೋಸಿನ ಲಾರಿ ಬಂದಿತ್ತಂತೆ. ಪಲ್ಯ ಮಾಡ್ಕೊಂಡು ತಿಂದ್ರಂತೆ."

"ಲಾರಿ ಬಂದಿರಬಹುದು ಮೇಡಂ. ಆದ್ರೆ ರೂಲ್ಸ್ ಪ್ರಕಾರ ರೋಡ್ ಇಲ್ಲ."

"ಮತ್ತೆ ಹೂಕೋಸು ಹೆಂಗೆ ಬಂತು ಸಾರ್?"

"ಹೂಕೋಸಿಗೆ ನಮ್ಮ ಆರ್ಡರ್ ಬೇಕಾಗಲ್ವಲ್ಲ ಮೇಡಂ."

ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ದಿನಾಂಕ ಬರೆದವರ ಮೇಲೂ ಇಲ್ಲ. ಮೂವತ್ತು ವರ್ಷದ ಹಿಂದೆ ಕಣಿವೆಯಲ್ಲಿ ಮಾಪನ ಕೇಂದ್ರ ಶುರುವಾದಾಗ ನವೆಂಬರ್ ನಡುವಿಗೆಲ್ಲ ಅಲ್ಲಿ ಆಳೆತ್ತರ ಹಿಮ ಬೀಳುತ್ತಿತ್ತಂತೆ. ಆಗ ಅದು ಸರಿಯಾದ ನಿಯಮವೇ. ಆದರೆ ಮಾನ್ಯರೇ, ಹಿಮ ಹಿಂದಿನಂತೆಯೇ ಬೀಳುತ್ತಿದೆಯೇ ಎಂದು ನೋಡುವುದಕ್ಕಲ್ಲವೇ ನಿಮ್ಮ ಕಚೇರಿ ಇರುವುದು? ಡಬ್ಬಿಯಲ್ಲಿ ಬಿದ್ದ ಹಿಮವನ್ನು ಕರಗಿಸಿ, ನೀರನ್ನು ಅಳೆದು ನಿಮಗೆ ಕಳಿಸುವುದಲ್ಲವೇ ನನ್ನ ಗಂಡನ ಕೆಲಸ? "ಒಂದು ವರ್ಷ ಹಿಮ ತಡ ಆದ್ರೆ ಏನೂ ಹೇಳಾಕ ಬರೂದಿಲ್ಲ, ಶ್ರೀ. ಮೂವತ್ತು ವರ್ಷ ಸಾಲಾಗಿ ಇಟ್ಟು ನೋಡಬೇಕು" ಎಂದು ಎಸ್‌ಟಿಡಿ ಮೀಟರ್ ಓಡುತ್ತಿರುವಾಗಲೇ ನನಗೆ ಪಾಠ ಮಾಡುತ್ತಾರೆ. ಸಾಲಾಗಿ ಇಟ್ಟಿದ್ದೀರಿ ಕೂಡ. ಚಳಿಗಾಲದ ಮೊದಲ ಹಿಮ ವರ್ಷದಿಂದ ವರ್ಷಕ್ಕೆ ತಡವಾಗುತ್ತಿದೆ, ಮಾರ್ಚಿನಲ್ಲಿ ಹಿಮ ಬೀಳಬೇಕಾದ ಕಡೆ ಮಳೆ ಸುರಿಯುತ್ತಿದೆ ಎಂದು ಬಣ್ಣಬಣ್ಣದ ಗೆರೆ ಎಳೆದು ನಿಮ್ಮದೇ ವರದಿಯಲ್ಲಿ ಅಚ್ಚು ಹಾಕಿಸಿದ್ದೀರಿ. ಮುಖಪುಟ ತುಂಬಾ ಚೆನ್ನಾಗಿದೆ. ವರದಿ ಬರೆಯುವ ಕೋಣೆಗೂ ಆದೇಶ ಕೊಡುವ ಕೋಣೆಗೂ ನಡುವೆ ಅದೆಷ್ಟು ಅಡಿ ಹಿಮ ಬಿದ್ದಿದೆ ಸ್ವಾಮಿ?

ನಮ್ಮತ್ತೆ ರೇಣವ್ವ ಅವರಿಗೆ ಗೆರೆ, ವರದಿ ಒಂದೂ ಬೇಡ. "ನಮ್ಮ ಕಾಲದಾಗ ಆಷಾಢ ಒಂದ ತಿಂಗಳ ಇತ್ತವಾ. ನಿಮ್ಮ ಸಾಹೇಬ್ರ ಆಷಾಢ ಆರ್ ತಿಂಗಳೇನು?" ಎಂದು ಕೇಳುತ್ತಾರೆ. ಮೊದಮೊದಲು ಇಬ್ಬರೂ ನಗುತ್ತಿದ್ದೆವು. ಈಗ ಅವರು ಕೇಳುತ್ತಾರೆ, ನಾನು ಅನ್ನಕ್ಕಿಡುತ್ತೇನೆ.

ನನಗೆ ಇನ್ನೊಂದು ಸಂಕಟವಿದೆ. ದಿನಾ ದೀಪ ಹಚ್ಚುವಾಗ, ಅಲ್ಲಿ ಹಿಮ ಬೀಳದಿರಲಿ, ರಸ್ತೆ ತೆರೆದೇ ಇರಲಿ ಎಂದು ಬೇಡಿಕೊಳ್ಳುತ್ತೇನೆ. ಕಣಿವೆಯಲ್ಲಿ ಇವರು ಬಾಡಿಗೆಗಿರುವ ಮನೆಯ ಅಜ್ಜಿ, ಹಿಮ ಬೀಳಲಿ ಎಂದು ಬೇಡಿಕೊಳ್ಳುತ್ತಾಳಂತೆ. ಚಳಿಗಾಲದಲ್ಲಿ ಹಿಮ ಬೀಳದಿದ್ದರೆ ಬೇಸಿಗೆಯಲ್ಲಿ ಕಾಲುವೆಗೆ ನೀರಿಲ್ಲ, ಅವಳ ಬಟಾಣಿ ಹೊಲ ಒಣಗುತ್ತದೆ. ನಿಮ್ಮ ಒಂದು ಸಹಿ ತಡವಾದದ್ದಕ್ಕೆ ನಾನು ಕಂಡರಿಯದ ಒಂದೂರಿನ ಹೊಟ್ಟೆಯ ಮೇಲೆ ಹೊಡೆಯೆಂದು ದೇವರನ್ನು ಬೇಡುವಂತಾಯಿತಲ್ಲ!

ಇಷ್ಟು ಬರೆದು ಮುಗಿಸುವಾಗ ಫೋನ್ ಬಂತು. "ಬಿತ್ತ ನೋಡ ಶ್ರೀ! ಸ್ನೋ ಬಿತ್ತ! ಅಜ್ಜಿ ಅಂಗಳದಾಗ ನಿಂತು ಅಳಾಕತ್ಯಾಳ!" ಎಂದು ಕೂಗಿದರು. ಒಂದು ಬೆರಳಷ್ಟು ದಪ್ಪವಂತೆ. ಬಸ್ಸು ಇನ್ನೂ ಓಡುತ್ತಿದೆಯಂತೆ. ಅವರ ಖುಷಿಗೆ ನಾನೂ ನಕ್ಕೆ. ಫೋನಿಟ್ಟ ಮೇಲೆ ಅಲ್ಲೇ ಕೂತುಬಿಟ್ಟೆ.

ನಿಮ್ಮ ನಿಯಮ ನಿಜವಾಗಲು ಇನ್ನು ಹೆಚ್ಚು ದಿನ ಬೇಕಿಲ್ಲ, ಮಾನ್ಯರೇ. ಮೌನೇಶ ಸ್ವೆಟರ್ ಕೊಂಡು ಎರಡು ತಿಂಗಳಿಂದ ಕಾಯುತ್ತಿದ್ದಾರೆ. ಈ ಪತ್ರ ಓದಿದ ಬೆಳಿಗ್ಗೆಯೇ ಸಹಿ ಹಾಕಿ ಅವರನ್ನು ರೈಲು ಹತ್ತಿಸಿ, ನನ್ನ ಗಂಡನನ್ನು ಬಸ್ಸು ಹತ್ತಿಸಿ. ಮುಂದಿನ ವರ್ಷದ ದಿನಾಂಕವನ್ನು ನಿಮ್ಮದೇ ಅಳತೆ ನೋಡಿ ಗೊತ್ತುಮಾಡಿ. ಅವರ ಬಸ್ಸು ಬೆಟ್ಟ ಇಳಿದ ಮೇಲೆ ಎಷ್ಟು ಬೇಕಾದರೂ ಹಿಮ ಬೀಳಲಿ. ಅಜ್ಜಿಯ ಜೊತೆ ನಾನೂ ಕೈಮುಗಿಯುತ್ತೇನೆ.

ಇಂತಿ,
ಹೊಸ ಸೊಸೆ ಎಂಬ ಹೆಸರು ಹಳತಾಗುತ್ತಿರುವ
ಶ್ರೀದೇವಿ ಸಿದ್ದಾರೂಢ
ಬಿಟಿಎಂ ಲೇಔಟ್, ಜನವರಿ ೨೦೦೧