ಗುಡಿಗೆ ಹೋದ ದಿನದ ಗುಳಿಗೆ

ಜುಲೈ 31, ಗುರುವಾರ

ಮುಗದ ಊರಿನ ಶರಣವ್ವನವರ ರಕ್ತಪರೀಕ್ಷೆಯ ವರದಿ ಇನ್ನೂ ಬಂದಿಲ್ಲ. ಫೋನನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ.

ಅವರ ಕೀಲುನೋವಿನ ಗುಳಿಗೆ ವಾರಕ್ಕೆ ಒಂದೇ. ದಿನಾ ತೆಗೆದುಕೊಂಡರೆ ವಿಷ. ಮರೆಯದಿರಲೆಂದು ನಾನೇ ಉಪಾಯ ಹೇಳಿಕೊಟ್ಟಿದ್ದೆ: "ಸೋಮವಾರ ಗುಡಿಗಿ ಹೋಗ್ತೀರಲ್ರಿ, ಗುಡಿಗಿ ಹೋದ ದಿನ ತಗೋರಿ." ನನ್ನ ಜಾಣತನಕ್ಕೆ ನಾನೇ ಹಿಗ್ಗಿದ್ದೆ. ರೋಗಿಗಳು ಔಷಧ ತಪ್ಪಾಗಿ ತೆಗೆದುಕೊಳ್ಳದಂತೆ ನೋಡಿಕೊಳ್ಳಲೆಂದೇ ಕ್ಲಿನಿಕ್ಕಿನವರು ನನ್ನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಾರೆ!

ಇವತ್ತು ಬಂದಾಗ ಶರಣವ್ವನವರ ಬಾಯಿತುಂಬ ಹುಣ್ಣು. ಗುಳಿಗೆ ಹೇಗೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದೆ.

"ನೀವು ಹೇಳಿದ್ಹಂಗರಿ ಅಕ್ಕಾರ. ಶ್ರಾವಣ ಹಿಡಿದ ಮ್ಯಾಲ ದಿನಾ ಗುಡಿಗಿ ಹೋಗಾಕತ್ತೇನಿ. ಒಂದಿನಾನೂ ತಪ್ಪಿಸಿಲ್ರಿ."

ನಾನು ಡಾಕ್ಟರ ಕೋಣೆಗೆ ಓಡಿದೆ. ಡಾಕ್ಟರು ಕೂಡಲೇ ಗುಳಿಗೆ ನಿಲ್ಲಿಸಿ, ಅವರನ್ನು ದೊಡ್ಡ ಆಸ್ಪತ್ರೆಗೆ ಸೇರಿಸಿದರು. "ನೀವು ಕೇಳಿದ್ದು ಛಲೋ ಆತ್ರಿ" ಎಂದು ನನ್ನನ್ನು ಹೊಗಳಿದರು ಬೇರೆ. ಉಪಾಯ ಯಾರದೆಂದು ಅವರು ಕೇಳಲಿಲ್ಲ. ನನಗೆ ಹೇಳುವ ಧೈರ್ಯವಾಗಲಿಲ್ಲ. ನಾಳೆ ಹೇಳಲೇಬೇಕು.

ಬರೀ ಸೋಮವಾರ ಎಂದಿದ್ದರೆ ಸಾಕಿತ್ತು. ಗುಡಿಯನ್ನು ನಡುವೆ ಯಾಕೆ ತಂದೆ?

ಮಲಗಲು ದೀಪ ಆರಿಸಿದಾಗ ನೆನಪಾಯಿತು. ಗರಗದ ಶಾಂತಯ್ಯನವರಿಗೂ ಇದೇ ಗುಳಿಗೆ, ಇದೇ ಉಪಾಯ. ಆಗಿನಿಂದ ಫೋನು ಮಾಡುತ್ತಲೇ ಇದ್ದೇನೆ, ಹತ್ತುತ್ತಿಲ್ಲ. ಬೆಳಗಿನ ಮೊದಲ ಬಸ್ಸು ಹಿಡಿದರೂ ನಾನು ಗರಗ ಮುಟ್ಟುವಷ್ಟರಲ್ಲಿ ಪೂಜೆಯ ಗಂಟೆ ಬಾರಿಸಿರುತ್ತದೆ.

ಅವರ ಮನೆ ಗುಡಿಯ ಎದುರಿಗೇ ಇದೆ.