ಪಟ್ಟಿಯಲ್ಲಿಲ್ಲದ ವಸ್ತು

ಥಂಡರ್ ಬೇ
14 ಸೆಪ್ಟೆಂಬರ್ 2019, ಶನಿವಾರ

ಪ್ರೀತಿಯ ರೇನೊ,

ಈ ಕಾಗದವನ್ನು ನಿನ್ನ ಅಣ್ಣ ಟೌನೊ ಕೈಯಲ್ಲಿ ಕಳಿಸುತ್ತಿದ್ದೇನೆ. ಸರೋವರದ ದಡದ ಕ್ಯಾಂಪ್ ಮನೆಗೆ ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ನನ್ನ ದನಿ ಕೇಳಿದ ಕೂಡಲೇ ಇಡುತ್ತೀಯ. ನಾನೇ ಬರೋಣವೆಂದರೆ, ಜೂನ್‌ನಲ್ಲಿ ಬಂದಾಗ ನೀನು ಸೌನಾದ ಬಿಸಿ ಹಬೆಕೋಣೆಯೊಳಗೆ ಹೋಗಿ ಚಿಲಕ ಹಾಕಿಕೊಂಡು ಎರಡು ಗಂಟೆ ಕೂತದ್ದು ಇನ್ನೂ ಮರೆತಿಲ್ಲ. ಐವತ್ತೆಂಟು ವರ್ಷದ ಗಂಡಸು! ಒಳಗೇ ಬೆಂದು ಹೋದೀಯೆಂದು ಹೆದರಿ ನಾನೇ ವಾಪಸು ಬಂದೆ. ನೀನು ಓದಿ ಮುಗಿಸುವ ತನಕ ಟೌನೊ ಹೊರಗೆ ದೋಣಿಯ ಹತ್ತಿರ ಕೂತಿರುತ್ತಾನೆ. ದಯವಿಟ್ಟು ಅವನ ಮೇಲೆ ರೇಗಬೇಡ.

ಸುತ್ತಿ ಬಳಸಿ ಹೇಳಿ ನನಗೆ ಅಭ್ಯಾಸವಿಲ್ಲ. ನಮ್ಮ ಮಗಳು ಕೈಸಾ ಸಿಕ್ಕಿದಳು. ಜೀವಂತವಾಗಿ ಅಲ್ಲ.

ಆಗಸ್ಟ್ ಕೊನೆಯಲ್ಲಿ ನಿಪಿಗಾನ್ ಊರು ದಾಟಿ ಉತ್ತರಕ್ಕೆ ಹೋಗುವ ರಸ್ತೆಯ ಹತ್ತಿರ ಬ್ಲೂಬೆರಿ ಕೀಳಲು ಹೋದ ಇಬ್ಬರು ಹೆಂಗಸರು ಕಂಡರಂತೆ. ಕಾಣಲು ಹೆಚ್ಚೇನೂ ಉಳಿದಿರಲಿಲ್ಲ. ನೀಲಿ ಜಾಕೆಟ್ಟಿನ ಜಿಪ್ಪು, ಒಂದು ಬೂಟು, ಮಂಡಿಯ ಆಪರೇಷನ್ನಿನಲ್ಲಿ ಹಾಕಿದ್ದ ಎರಡು ಸ್ಕ್ರೂ. ಆದರೂ ನಾನು ಮೊದಲೇ ಕೊಟ್ಟಿದ್ದ ಎಂಜಲಿನ ಡಿಎನ್‌ಎ ಜೊತೆ ತಾಳೆ ನೋಡಿದರು. ಮೊನ್ನೆ ಗುರುವಾರ ಪೊಲೀಸ್ ಡಿಟೆಕ್ಟಿವ್ ಬುಶಾರ್ ತಾನೇ ಮನೆಗೆ ಬಂದು ಹೇಳಿದಳು. ಯಾರೂ ಏನೂ ಮಾಡಿದ ಗುರುತಿಲ್ಲವಂತೆ. ಚಳಿಗೇ ಹೋಗಿರಬೇಕು, ಅವಳು ಮನೆ ಬಿಟ್ಟ ಆ ನವೆಂಬರಿನಲ್ಲೇ. ನಾಲ್ಕು ಚಳಿಗಾಲ ಅಲ್ಲೇ ಇದ್ದಳು, ರೇನೊ. ನಮ್ಮ ಮನೆಯಿಂದ ಎರಡು ಗಂಟೆಯ ದಾರಿ.

ಇಪ್ಪತ್ತೆಂಟನೇ ತಾರೀಖು ಶನಿವಾರ, ಹನ್ನೊಂದು ಗಂಟೆಗೆ, ನಿನ್ನ ಅಪ್ಪ ಅಮ್ಮನ ಪಕ್ಕದಲ್ಲಿ ಮಣ್ಣು ಮಾಡುತ್ತೇವೆ. ನೀನು ಬರಬೇಕು. ನನ್ನ ಮುಖ ನೋಡದಿದ್ದರೂ ಸರಿ, ಬರಬೇಕು.

ಈಗ ನೀನು ಏನೆಂದು ಕೂಗುತ್ತಿದ್ದೀಯ ಎಂಬುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ‘ಸುಳ್ಳು! ಈ ಫೆಬ್ರವರೀಲಿ ಕೂಡ ಅವ್ಳು ನಂಗೆ ಬರ್ದಿದಾಳೆ’ ಎನ್ನುತ್ತೀಯ. ಕಂಪ್ಯೂಟರಿನಿಂದ ಮುದ್ರಿಸಿ, ಪಿನ್ನು ಚುಚ್ಚಿ ಗೋಡೆಗೆ ಸಾಲಾಗಿ ಹಾಕಿಕೊಂಡಿರುವ ಏಳು ಚೀಟಿಗಳ ಕಡೆ ಬೆರಳು ತೋರಿಸುತ್ತೀಯ.

ಆ ಏಳೂ ಬರೆದವಳು ನಾನು.

ಕಾಗದ ಹರಿಯಬೇಡ, ಪೂರ್ತಿ ಓದು. ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ. ಹಾಗೆ ಹೇಳದಿದ್ದರೆ ಗೊತ್ತಿಲ್ಲದ್ದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ.

ಈ ನೆಲಮಾಳಿಗೆಯಲ್ಲಿ ಹದಿನೆಂಟು ವರ್ಷ ಕೂತು ನಾವು ಒಂದೇ ಕಥೆಯನ್ನು ಒಂಬತ್ತು ಕಂಪ್ಯೂಟರ್ ಆಟ ಮಾಡಿ ಮಾರಿದೆವು. ಶನಿಗ್ರಹದ ಸುತ್ತ ತಿರುಗುತ್ತಿರುವ ಖಾಲಿ ಹಡಗು. ಒಳಗೆ ಒಬ್ಬ ಮನುಷ್ಯನೂ ಇಲ್ಲ, ನಲವತ್ತು ಜನರ ಸಾಮಾನು ಮಾತ್ರ ಚೆಲ್ಲಿಕೊಂಡು ಬಿದ್ದಿದೆ. ಆಡುವವರು ಒಂದೊಂದೇ ಸಾಮಾನು ಹುಡುಕಿ, ಬೀಗ ಬಿಡಿಸಿ, ಅವರೆಲ್ಲ ಎಲ್ಲಿ ಹೋದರೆಂದು ಪತ್ತೆ ಮಾಡಬೇಕು. ಚಿತ್ರ ನಿನ್ನದು, ಏನೇನು ಹುಡುಕಬೇಕೆಂಬ ಪಟ್ಟಿ ನನ್ನದು. ಸ್ಪ್ಯಾನರ್, ಪಿಟೀಲು, ಸೀಗಡಿ, ಮೂರು ಗುಂಡಿ. ಬಾಹ್ಯಾಕಾಶದಲ್ಲಿ ಸೀಗಡಿ ಎಲ್ಲಿಂದ ಬಂತೆಂದು ಮಿನೆಸೋಟಾದ ಒಬ್ಬ ಅಜ್ಜಿಯೂ ನಮ್ಮನ್ನು ಕೇಳಲಿಲ್ಲ. ‘ಕೇಳೋರು ನಮ್ಮ ಆಟ ಆಡಲ್ಲ ಕಣೇ’ ಎಂದು ನೀನು ನಗುತ್ತಿದ್ದೆ.

ಬಚ್ಚಿಟ್ಟವನು ಹುಡುಕಬಾರದು, ಒಮ್ಮೆ ಹುಡುಕಿದವರು ಮತ್ತೆ ಹುಡುಕಬಾರದು ಎಂಬುದು ನಮ್ಮ ಕಸುಬಿನ ನಿಯಮ. ಒಂದು ಚಿತ್ರಕ್ಕೆ ಒಂದು ಜೊತೆ ಕಣ್ಣು ಒಂದೇ ಸಲ ಪ್ರಯೋಜನಕ್ಕೆ ಬರುತ್ತದೆ. ಹಾಗಾಗಿ ಆಟ ಆಡಿ ಪರೀಕ್ಷಿಸಲು ಏಳು ವರ್ಷದ ಕೈಸಾಳನ್ನೂ ಕೂರಿಸಿಕೊಂಡೆವು. ಅವಳೋ, ಹದ್ದಿನ ಕಣ್ಣಿನವಳು, ಹತ್ತು ನಿಮಿಷಕ್ಕೆ ಎಲ್ಲ ಮುಗಿಸಿ ಕಾಲು ಅಲ್ಲಾಡಿಸುತ್ತ ಕೂತಳು. ಅವಳ ಬಾಯಿ ಮುಚ್ಚಿಸಲು ನೀನು ಪ್ರತಿ ಚಿತ್ರದಲ್ಲೂ ನನ್ನ ಪಟ್ಟಿಯಲ್ಲಿಲ್ಲದ ಒಂದು ವಸ್ತು ಸೇರಿಸಲು ಶುರು ಮಾಡಿದೆ. ಅವಳದೇ ಸಾಮಾನು. ಕೈಗವಸನ್ನು ಸರಕಿನ ಮೂಟೆಗೆ ಮುದ್ರೆ ಮಾಡಿದೆ, ಆಸ್ತಮಾ ಪಂಪನ್ನು ಇಂಜಿನ್ ಪೈಪಿಗೆ ನಲ್ಲಿ ಮಾಡಿದೆ. ಅದನ್ನು ಒತ್ತಿದರೆ ಒಂದು ಪುಟ್ಟ ಚೌಕ ತೆರೆಯುತ್ತಿತ್ತು, ಅದರಲ್ಲಿ ಬರೆದದ್ದು ನಮ್ಮ ಕಂಪ್ಯೂಟರಿನ ಅಂಚೆಪೆಟ್ಟಿಗೆಗೆ ಬರುತ್ತಿತ್ತು. ಪಕ್ಕದ ಕೋಣೆಯಿಂದಲೇ ಬರೆದು ಕಳಿಸುತ್ತಿದ್ದಳು, ‘ಸಿಕ್ತು. ತುಂಬಾ ಸುಲಭ. ನಾಚ್ಕೆ ಆಗ್ಬೇಕು ನಿಂಗೆ’ ಎಂದು. ದೊಡ್ಡವಳಾದ ಮೇಲೂ, ನಮ್ಮೊಂದಿಗೆ ಬೇರೇನೂ ಮಾತಾಡದ ದಿನಗಳಲ್ಲೂ, ಅಪ್ಪನಿಗೆ ಆ ಚೀಟಿ ಮಾತ್ರ ತಪ್ಪದೆ ಬರುತ್ತಿತ್ತು.

ಐಸ್ ಹಾಕಿ ಆಡುವಾಗ ಮಂಡಿ ಮುರಿಯಿತು, ಮಂಡಿ ಕೂಡಿತು, ಅದಕ್ಕೆ ಕೊಟ್ಟ ನೋವಿನ ಗುಳಿಗೆ ಮಾತ್ರ ಅವಳನ್ನು ಬಿಡಲಿಲ್ಲ. ಎರಡು ಸಲ ಮನೆ ಬಿಟ್ಟು ಹೋದಳು, ಎರಡು ಸಲವೂ ನೀನು ಕಾರು ತೆಗೆದುಕೊಂಡು ಹೋಗಿ ಕರೆತಂದೆ. ಮೂರನೇ ಸಲ ಹೋದದ್ದು ನನ್ನ ಜೊತೆ ಜಗಳವಾಡಿ. ನಾನು ಬಾಗಿಲಲ್ಲಿ ನಿಂತು ಹೇಳಿದ್ದು ನಿನಗೂ ಕೇಳಿಸಿತ್ತು. ‘ಈ ಸಲ ನಿಮ್ಮಪ್ಪ ಬರಲ್ಲ, ನೋಡ್ತಿರು’ ಎಂದೆ. ಚರ್ಚಿನ ಕೆಳಗಿನ ಕೋಣೆಯಲ್ಲಿ ಇಂಥ ಚಟ ಹತ್ತಿದ ಮಕ್ಕಳ ತಾಯಂದಿರು ಪ್ರತಿ ಮಂಗಳವಾರ ಸೇರುತ್ತಿದ್ದೆವಲ್ಲ, ಅಲ್ಲಿ ಎಲ್ಲರೂ ಅದನ್ನೇ ಹೇಳುತ್ತಿದ್ದರು. ಹೋಗಿ ಹೋಗಿ ಎತ್ತಿಕೊಂಡು ಬಂದರೆ ಅವರಿಗೆ ಬುದ್ಧಿ ಬರುವುದಿಲ್ಲ, ತಾವೇ ಬೀಳಲಿ, ತಾವೇ ಏಳಲಿ. ನಾನು ಆ ಮಾತನ್ನು ವೇದವಾಕ್ಯ ಎಂದುಕೊಂಡೆ.

ಆಮೇಲೆ ನೀನು ಪ್ರತಿ ಬೆಳಿಗ್ಗೆ ಕಾಫಿ ಹಿಡಿದುಕೊಂಡು ಬಂದು ‘ಏನಾದ್ರೂ ಬಂತಾ?’ ಎಂದು ಕೇಳುತ್ತಿದ್ದೆ. ಅಂಚೆಪೆಟ್ಟಿಗೆ ನೋಡುವವಳು ನಾನೇ. ಆಡುವವರ ದೂರು ಓದಿದರೆ ನಿನಗೆ ಮೂರು ದಿನ ಕುಂಚ ಹಿಡಿಯಲಾಗುವುದಿಲ್ಲ ಎಂದು ಮೊದಲಿನಿಂದಲೂ ಹಾಗೇ ನಡೆದು ಬಂದಿತ್ತು. ಜನವರಿಯ ಹೊತ್ತಿಗೆ ನೀನು ಕೇಳುವುದನ್ನೂ ಬಿಟ್ಟೆ. ಊಟ ಬಿಟ್ಟೆ. ಸೋಫಾದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿ, ‘ಇನ್ನು ಯಾರಿಗೋಸ್ಕರ ಬಿಡಿಸ್ಲಿ?’ ಎಂದೆ. ಒಂದು ದಿನ ಮಧ್ಯಾಹ್ನ ನಿನ್ನಪ್ಪನ ಬೇಟೆ ಬಂದೂಕಿನ ಪೆಟ್ಟಿಗೆಯ ಬೀಗದ ಕೈ ಮೊಳೆಯ ಮೇಲೆ ಇರಲಿಲ್ಲ. ನಿನ್ನ ಪ್ಯಾಂಟಿನ ಜೇಬಿನಲ್ಲಿತ್ತು. ಅದನ್ನು ತೆಗೆದುಕೊಂಡು ಹೋಗಿ ನದಿಗೆ ಎಸೆದು ಬಂದು, ಕೋಟು ಕೂಡ ಬಿಚ್ಚದೆ, ಕೂತು ಮೊದಲ ಚೀಟಿ ಬರೆದೆ.

‘ಸಿಕ್ತು. ನಂಗೇನೂ ಆಗಿಲ್ಲ. ಹುಡುಕ್ಕೊಂಡು ಬರ್ಬೇಡ. ಇನ್ನೂ ಚೆನ್ನಾಗಿ ಬಚ್ಚಿಡು.’

ನೀನು ಅದನ್ನು ಓದಿ ಏಳು ತುಂಡು ಏಲಕ್ಕಿ ಬ್ರೆಡ್ಡು ತಿಂದೆ. ಗಡ್ಡಕ್ಕೆಲ್ಲ ಬೆಣ್ಣೆ ಮೆತ್ತಿಕೊಂಡು ಅಳುತ್ತಿದ್ದೆ. ‘ಇದು ಅವ್ಳೇ ಕಣೇ, ಹಿಂಗೆ ಬೇರೆ ಯಾರೂ ಬರೆಯಲ್ಲ’ ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದೆ. ದೇವರಾಣೆ, ಆ ದಿನ ನನಗೆ ತಪ್ಪು ಮಾಡಿದೆ ಎನಿಸಲಿಲ್ಲ.

ಒಂದು ಬರೆದ ಮೇಲೆ ನಿಲ್ಲಿಸಲು ಆಗುತ್ತದೆಯೇ? ನೀನು ಹೊಸ ಚಿತ್ರ ಬರೆದೆ, ಅದರಲ್ಲಿ ಅವಳ ಇನ್ನೊಂದು ಸಾಮಾನು. ಎಲ್ಲಿ ಇಟ್ಟೆಯೆಂದು ನನಗೂ ಹೇಳುತ್ತಿರಲಿಲ್ಲ. ಚೀಟಿ ಬರೆಯಬೇಕಾದರೆ ನಾನು ನಿಜವಾಗಿಯೂ ಹುಡುಕಬೇಕಿತ್ತು. ನನ್ನದು ಅವಳ ಕಣ್ಣಲ್ಲ. ಅವಳ ಸ್ಕೇಟಿನ ದಾರವನ್ನು ನೀನು ವೈರುಗಳ ನಡುವೆ ಇಟ್ಟಿದ್ದೆಯಲ್ಲ, ಅದಕ್ಕೆ ನನಗೆ ನಾಲ್ಕು ದಿನ ಹಿಡಿಯಿತು. ಸಿಕ್ಕಿದಾಗ ಕೀಬೋರ್ಡಿನ ಮೇಲೆ ತಲೆ ಇಟ್ಟು ಎಷ್ಟೋ ಹೊತ್ತು ಏಳಲಾಗಲಿಲ್ಲ. ನೀನು ಅವಳನ್ನು ಹುಡುಕುತ್ತಿದ್ದೆ, ನಾನು ನೀನು ಬಚ್ಚಿಟ್ಟದ್ದನ್ನು ಹುಡುಕುತ್ತಿದ್ದೆ. ಒಂದೇ ಮನೆಯಲ್ಲಿ ಇಬ್ಬರಿಗೂ ಅದೇ ಸಂಸಾರವಾಗಿತ್ತು.

ಮೂರನೇ ಚೀಟಿಯಲ್ಲಿ ನಾನು ಸಿಕ್ಕಿಬೀಳಬೇಕಿತ್ತು. ನಿನಗೂ ನೆನಪಿರಬೇಕು. ಇಂಜಿನ್ ಕೋಣೆಯಲ್ಲಿ ಗುಲಾಬಿ ಬಾಚಣಿಗೆ ಸಿಕ್ಕಿತೆಂದು ಬರೆದಿದ್ದೆ. ನೀನು ಓದಿ ಹುಬ್ಬು ಗಂಟಿಕ್ಕಿದೆ. ‘ಬಾಚಣಿಗೆ ನಾನು ಕೊನೇಲಿ ತೆಗೆದ್ಬಿಟ್ಟಿದ್ನಲ್ಲ? ಮಾರಿದ ಆಟದಲ್ಲಿ ಅದು ಇಲ್ವೇ ಇಲ್ಲ’ ಎಂದೆ. ಆಟ ಮಾರುವ ಕಂಪನಿಯವರು ಚಿತ್ರ ತೀರಾ ಗಿಜಿಗಿಜಿಯಾಗಿದೆ ಎಂದು ಆಕ್ಷೇಪಿಸಿದಾಗ ತೆಗೆದಿದ್ದೆಯಂತೆ. ಬಾಚಣಿಗೆ ಉಳಿದಿದ್ದದ್ದು ನಮ್ಮ ನೆಲಮಾಳಿಗೆಯ ಒಂದೇ ಒಂದು ಹಳೆಯ ಪ್ರತಿಯಲ್ಲಿ. ನಾನು ಹುಡುಕಿದ್ದು ಅದರಲ್ಲಿ. ಹದಿನೆಂಟು ವರ್ಷ ಪಟ್ಟಿ ಬರೆದವಳು ಯಾವ ಪ್ರತಿ ತೆರೆದಿದ್ದೇನೆಂದು ನೋಡಿಕೊಳ್ಳಲಿಲ್ಲ! ಪಾತ್ರೆ ತೊಳೆಯುತ್ತ ನಿಂತಿದ್ದ ನಾನು ನಲ್ಲಿ ನಿಲ್ಲಿಸಿದೆ. ಮುಗಿಯಿತು, ಈಗ ಹೇಳಿಬಿಡುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ನೀನೇ, ‘ಎಲ್ಲೋ ಹಳೇ ಕಾಪಿ ಹೊರಗೆ ಹೋಗಿರ್ಬೇಕು ಬಿಡು’ ಎಂದು ಚೀಟಿಯನ್ನು ಗೋಡೆಗೆ ಚುಚ್ಚಿದೆ. ನಿನಗೆ ಅವತ್ತೇ ಗೊತ್ತಾಯಿತೇ, ರೇನೊ? ಎಷ್ಟೋ ಸಲ ಕೇಳಬೇಕೆಂದುಕೊಂಡೆ. ಗೊತ್ತಾಗಿದ್ದರೂ ನಂಬಿದೆಯಾದರೆ ಅದರ ಪಾಪವೂ ನನ್ನ ಮೇಲೇ.

ಹಿಂದೆ ಕಾಣೆಯಾದವರ ದಾಖಲೆಗೆಂದು ಬುಶಾರ್ ಎಂಜಲು ಕೇಳಲು ಬಂದಾಗ ನೀನು, ‘ಮಗಳು ನಂಗೆ ಕಾಗ್ದ ಬರೀತಿದಾಳೆ, ಹೆಣದ ಜೊತೆ ತಾಳೆ ನೋಡೋಕೆ ನಿಮ್ಗೆ ನನ್ನ ಎಂಜಲು ಬೇಕಾ?’ ಎಂದು ಅವಳನ್ನು ಮೆಟ್ಟಿಲಿಳಿಸಿದೆ. ನಾನು ಅವಳ ಕಾರಿನ ತನಕ ಹೋಗಿ ಚೀಟಿಗಳ ಸತ್ಯ ಹೇಳಿದೆ. ಅವಳು ಪುಸ್ತಕ ಮುಚ್ಚಿ, ‘ಇವತ್ತೇ ಅವರಿಗೆ ಹೇಳಿಬಿಡಿ’ ಎಂದಳು. ನಾನು ಹೇಳಲಿಲ್ಲ. ಅದರ ಬದಲು ಈ ವಸಂತದಲ್ಲಿ, ಕೈಸಾಳ ಹೆಸರಿನಲ್ಲಿ ಚರ್ಚಿನಲ್ಲಿ ಸತ್ತವರಿಗೆ ಮಾಡಿಸುವ ಪ್ರಾರ್ಥನೆ ಮಾಡಿಸೋಣ ಎಂದೆ. ‘ಬರೆಯೋ ಮಗಳನ್ನ ಸಾಯಿಸ್ತೀಯಾ? ನೀನು ತಾಯಾ?’ ಎಂದು ಕೇಳಿ ನೀನು ಮನೆ ಬಿಟ್ಟೆ. ನನ್ನ ಚೀಟಿಗಳನ್ನೇ ಕಿತ್ತುಕೊಂಡು ಹೋದೆ.

ಹತ್ತನೆಯ ಆಟದ ಕೆಲಸ ಅಲ್ಲಿ ನಡೆಯುತ್ತಿದೆಯೆಂದು ಟೌನೊ ಹೇಳಿದ. ಅವಳ ಕೋಣೆಯನ್ನೇ ಹಡಗಿನ ಕೋಣೆ ಮಾಡಿ ಬರೆಯುತ್ತಿದ್ದೀಯಂತೆ. ನಿಲ್ಲಿಸು ಎನ್ನಲು ನನಗೆ ಯಾವ ಹಕ್ಕಿದೆ? ಆದರೆ ಅದರಲ್ಲಿ ಇಟ್ಟದ್ದನ್ನು ಹುಡುಕುವವಳು ಇನ್ನಿಲ್ಲ. ಸಮಾಧಾನದ ಮಾತು ಒಂದಾದರೂ ಬರೆಯೋಣವೆಂದು ಬೆಳಗ್ಗಿನಿಂದ ಕೂತಿದ್ದೇನೆ, ಒಂದೂ ತೋಚುತ್ತಿಲ್ಲ. ಪಾದ್ರಿ ಬಂದು ಏನೇನೋ ಹೇಳಿ ಹೋದರು, ಯಾವುದೂ ಕಿವಿಗೆ ಇಳಿಯಲಿಲ್ಲ.

ಇಪ್ಪತ್ತೆಂಟಕ್ಕೆ ಬಾ. ನಿನ್ನ ಕಪ್ಪು ಕೋಟು ಇಸ್ತ್ರಿ ಮಾಡಿ ಈ ಕಾಗದದ ಜೊತೆಗೇ ಟೌನೊ ಕೈಯಲ್ಲಿ ಕೊಟ್ಟಿದ್ದೇನೆ. ಅವಳನ್ನಿಟ್ಟ ಪೆಟ್ಟಿಗೆ ತುಂಬಾ ಚಿಕ್ಕದು, ಒಬ್ಬರೇ ಎತ್ತಬಹುದಂತೆ. ಅದನ್ನು ನೀನು ಎತ್ತಬೇಕೆಂದು ನನ್ನ ಆಸೆ.

ಇನ್ನೂ ನಿನ್ನ ಹೆಂಡತಿಯೇ ಆಗಿರುವ,
ಐಲಾ

ಮರೆತಿದ್ದಲ್ಲ, ಬಚ್ಚಿಟ್ಟದ್ದು: ಲಕೋಟೆ ಅಂಟಿಸಿ ಆಗಿತ್ತು. ಹರಿದು ಮತ್ತೆ ತೆಗೆದೆ. ಇದನ್ನು ಹೇಳದೆ ಆ ಗುಂಡಿಯ ಹತ್ತಿರ ನಿನ್ನ ಪಕ್ಕ ನಿಲ್ಲಲು ನನ್ನಿಂದಾಗದು. ಇದನ್ನು ಓದಿದ ಮೇಲೆ ನೀನು ನನ್ನ ಪಕ್ಕ ನಿಲ್ಲುವುದಿಲ್ಲ ಎಂಬುದೂ ಗೊತ್ತು.

ನೀನು ಓದಿದ ಚೀಟಿ ಏಳು. ಬಂದದ್ದು ಎಂಟು. ಮೊದಲನೆಯದು ಅವಳದೇ. ಅವಳು ಹೋದ ನಾಲ್ಕನೆಯ ದಿನ, ಶುಕ್ರವಾರ ಬೆಳಿಗ್ಗೆ ಬಂತು. ಮೋಟೆಲಿನ ಕಂಪ್ಯೂಟರಿನಲ್ಲಿ ನಮ್ಮ ಆಟದ ಒಂದು ಗಂಟೆಯ ಪುಕ್ಕಟೆ ಭಾಗ ತೆರೆದು ಆಡಿದ್ದಾಳೆ. ‘ಅಪ್ಪಾ, ಸಿಕ್ತು. ಈ ಸಲ ಚೆನ್ನಾಗಿ ಬಚ್ಚಿಟ್ಟಿದೀಯ, ನಲವತ್ತು ನಿಮಿಷ ಆಯ್ತು. ಫೋನ್ ಕಳ್ಕೊಂಡೆ. ಮನೆಗೆ ಮಾಡಿದ್ರೆ ಅಮ್ಮ ಎತ್ತುತ್ತಾಳೆ, ಅದಕ್ಕೇ ಇಲ್ಲಿ ಬರೀತಿದೀನಿ. ನಿಪಿಗಾನ್ ದಾಟಿದ ಮೇಲೆ ಹಸಿರು ಬಾಗಿಲಿನ ಮೋಟೆಲ್. ಭಾನುವಾರದವರೆಗೆ ಇರ್ತೀನಿ. ಬಂದು ಕರ್ಕೊಂಡ್ಹೋಗು. ನಾನು ಗುಳಿಗೆ ಬಿಡ್ತೀನಿ ಅಪ್ಪಾ, ಈ ಸಲ ನಿಜವಾಗ್ಲೂ ಬಿಡ್ತೀನಿ.’

ಅಪ್ಪನ ಚೀಟಿಗಳನ್ನು ಅಪ್ಪನೇ ಓದುತ್ತಾನೆ ಎಂದು ಅವಳು ತಿಳಿದಿದ್ದಳು. ನಾನು ಅದನ್ನು ಎರಡು ಸಲ ಓದಿ ಅಳಿಸಿದೆ. ಈ ಸಲ ತಾನೇ ಬರಲಿ, ತಾನೇ ಏಳಲಿ ಎಂದುಕೊಂಡೆ. ಒಂಬತ್ತು ದಿನ ಕಾದು, ತಡೆಯಲಾಗದೆ, ನಿನಗೆ ಹೇಳದೆ ಕಾರು ತೆಗೆದುಕೊಂಡು ಹೋದೆ. ಆ ಭಾನುವಾರದ ಮರುದಿನ ಸೋಮವಾರವೇ ಕೋಣೆ ಬಿಟ್ಟು ನಡೆದುಕೊಂಡು ಹೋದಳು ಎಂದು ಮೋಟೆಲಿನವರು ಹೇಳಿದರು. ನನ್ನ ಹೆಸರು ಹೇಳದೆ ಪೊಲೀಸರಿಗೆ ಫೋನ್ ಮಾಡಿ ಹುಡುಕಲು ಹೇಳಿದೆ. ಅಷ್ಟರಲ್ಲಿ ಮಂಡಿಯುದ್ದ ಹಿಮ ಬಿದ್ದಿತ್ತು.

ಆ ಶುಕ್ರವಾರ ನೀನು ಕಾಫಿ ಹಿಡಿದುಕೊಂಡು ಬಂದು ಏನಾದರೂ ಬಂತೇ ಎಂದು ಕೇಳಿದೆ. ಅವಳು ಅಲ್ಲಿ ನಿನಗಾಗಿ ಕಾಯುತ್ತಿದ್ದಳು. ನಾನು ನಿನ್ನ ಮುಖ ನೋಡಿಯೇ ಏನೂ ಇಲ್ಲ ಎಂದೆ.