ಧನು ಉಣ್ಣುವ ಹೊತ್ತು

16 ಜೂನ್ 2008, ಸೋಮವಾರ

ಮಕ್ಕಳ ಬೆರಳಾಟದ ಹುಣಸೆಬೀಜ ತೊಳೆದು ಬಿಸಿಲಿಗೆ ಹರಡಿದ್ದಾಯಿತು. ಮರದ ಬಳೆಗಳನ್ನು ಒರೆಸಿದ್ದಾಯಿತು. ನಮ್ಮ ವಿಶೇಷ ಮಕ್ಕಳ ಶಾಲೆಗೆ ಗಫಾರನ ವ್ಯಾನು ತಡವಾಗಿ ಬಂತು. ಮಕ್ಕಳನ್ನು ಇಳಿಸುವಾಗ ಎಂದಿನಂತೆ ಧನುಶ್ರೀಯನ್ನು ನಾನೇ ಎತ್ತಿಕೊಂಡೆ. ಒಂಬತ್ತು ವರ್ಷಕ್ಕೆ ಭಾರ ಸಾಲದು. ಕೈಕಾಲು ಬಿಗಿ, ಮಾತಿಲ್ಲ. ನನ್ನ ಕಂಡರೆ ಮಾತ್ರ ಬಾಯಿ ತೆರೆಯುತ್ತಾಳೆ — ಗುಬ್ಬಿಮರಿಯ ಹಾಗೆ.

ನನ್ನ ಕೋಣೆಗೆ ಹೊಸ ಬೋರ್ಡು. 'ಆಕ್ಯುಪೇಷನಲ್ ಥೆರಪಿ'. ಬಣ್ಣ ಇನ್ನೂ ಹಸಿ. ನೇತ್ರಾ ಮೇಡಂ ಬೆಂಗಳೂರಿನಿಂದ ಸೋಮ, ಬುಧ, ಶುಕ್ರ ಬರುತ್ತಾರೆ — ಬರುತ್ತಾಳೆ, ಇಲ್ಲಿ ಬರೆಯುವುದಕ್ಕೆ ಯಾರ ಹಂಗು. ಅದಕ್ಕೆಂದೇ ಓದಿದವಳು. ನನ್ನ ತಮ್ಮನ ಮಗಳ ವಯಸ್ಸು. ದೊಡ್ಡ ನೀಲಿ ಚೆಂಡು ತಂದಿದ್ದಾಳೆ. ಮಕ್ಕಳೆಲ್ಲ ಅದರ ಮೇಲೆ. ನನ್ನ ಹುಣಸೆಬೀಜದ ಡಬ್ಬಿ ಮುಟ್ಟಿದವರಿಲ್ಲ.

ಗುಂಡಿ ಹಾಕುವುದು, ಮಣಿ ಪೋಣಿಸುವುದು, ಬಿಗಿದ ಮುಷ್ಟಿ ಬಿಡಿಸುವುದು — ಇಷ್ಟು ವರ್ಷ ಈ ಮಕ್ಕಳಿಗೆ ಕಲಿಸಿದ್ದು ನಾನು. ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಒಂದಷ್ಟು ಯಾವುದೋ ಕ್ಯಾಂಪಿನಲ್ಲಿ ನೋಡಿ ಕಲಿತದ್ದು, ಮಿಕ್ಕದ್ದು ಮಕ್ಕಳ ಕೈ ಹಿಡಿದು ಹಿಡಿದು. ಎಲ್ಲರೂ 'ಥೆರಪಿ ಅಮ್ಮ' ಅನ್ನುತ್ತಿದ್ದರು. ಇವತ್ತು ಗಫಾರ್ ಕೇಳಿದ:

"ಇನ್ಮೇಲೆ ನಿಮ್ಮುನ್ನ ಏನಂತ ಕರೀಬೇಕು ಸುಂದರಮ್ಮ?"

"ಬಾಯ್ಮುಚ್ಕೊಂಡು ವ್ಯಾನ್ ತೊಳಿ."

"ಕ್ವಾಪ ಬಂದ್ಬುಡ್ತು ನೋಡು."

18 ಜೂನ್, ಬುಧ

ಊಟದ ಹೊತ್ತು. ನೇತ್ರಾ ಚೀಲದಿಂದ ಒಂದು ಚಮಚ ತೆಗೆದಳು. ಹಿಡಿಗೆ ದಪ್ಪ ಸ್ಪಂಜು ಸುತ್ತಿದೆ, ಕತ್ತು ಸೊಟ್ಟಗೆ ಬಗ್ಗಿಸಿದೆ, ಬೆರಳು ಸಡಿಲವಾದರೂ ಬೀಳದಂತೆ ಅಂಗೈಗೆ ಪಟ್ಟಿ. ಧನುವಿನ ಕೈಗೆ ಕಟ್ಟಿ, ಮೊಸರನ್ನ ಮುಂದಿಟ್ಟು, ಮೊಣಕೈ ಹಿಡಿದು ಮೇಲಕ್ಕೆ ತಂದಳು. ಧನು ಒಂಚೂರು ನಾಲಗೆ ಚಾಚಿದಳು. ಅಷ್ಟರಲ್ಲಿ ನಾನು ಅವಳ ಕಣ್ಣಿಗೆ ಬಿದ್ದೆ. ಮುಖ ತಿರುಗಿಸಿ ನನ್ನತ್ತ ಬಾಯಿ ತೆರೆದಳು.

ಮುದ್ದೆ ಮುರಿದೆ, ಸಾರಿಗೆ ಅದ್ದಿದೆ, ನಾಲಗೆಯ ಹಿಂದಕ್ಕೆ ಬೆರಳಲ್ಲಿ ಜಾರಿಸಿದೆ. ಗುಳಕ್ಕನೆ ನುಂಗಿದಳು. ಒಂದು ತೊಟ್ಟೂ ಚೆಲ್ಲಲಿಲ್ಲ. ಇಡೀ ಕನಕಪುರದಲ್ಲಿ ಈ ಮಗುವಿಗೆ ಹೀಗೆ ಉಣಿಸುವವರು ಯಾರಿದ್ದಾರೆ.

ನೇತ್ರಾ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ —

"ಅಮ್ಮ, ಮುದ್ದೆ ನಾವು ಅಗಿಯಲ್ಲ, ನುಂಗ್ತೀವಿ. ನಮಗೆ ಸರಿ. ಇವಳಿಗೆ ನೀವು ಹಿಂದಕ್ಕೇ ಇಟ್ಬಿಟ್ರೆ ತುಟಿಗೆ ಕೆಲಸವೇ ಇಲ್ಲ. ತುಟಿ ಮುಚ್ಚೋಕೆ ಬರದೆ ಚಮಚದಿಂದ ಹೇಗೆ ತಗೋತಾಳೆ?"

"ಮಗೀನ್ ಹೊಟ್ಟೆ ತುಂಬುದ್ರೆ ಸಾಲ್ದಾ?" ಅಂದೆ.

ಸಂಜೆ ಮನೆಗೆ ಬಂದು ಕನ್ನಡಿ ಮುಂದೆ ಒಂದು ತುತ್ತು ಮುದ್ದೆ ನುಂಗಿ ನೋಡಿದೆ. ತುಟಿ ಮುಚ್ಚಿಯೇ ನುಂಗುತ್ತೇನೆ. ಇಷ್ಟು ವಯಸ್ಸಾದರೂ ಗಮನಿಸಿರಲಿಲ್ಲ. ಅವಳು ಹೇಳಿದ್ದು ಸರಿ. ಅದಕ್ಕೇ ಮೈ ಉರಿಯುತ್ತಿರುವುದು.

20 ಜೂನ್, ಶುಕ್ರ

ಧನುವಿನ ತಾಯಿ ದಿವ್ಯ ಬಂದಿದ್ದಳು. ಹಾರೋಹಳ್ಳಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪ್ಯಾಕಿಂಗ್ ಕೆಲಸ ಸಿಕ್ಕಿದೆ. ಒಂದನೇ ತಾರೀಖಿನಿಂದ ಸೆಕೆಂಡ್ ಶಿಫ್ಟು, ಮನೆ ಸೇರುವಾಗ ನಡುರಾತ್ರಿ. ಗಂಡ ಲಾರಿ ಮೇಲೆ, ಬಂದರೆ ಬಂದ. ಮನೆಯಲ್ಲಿರುವುದು ಅತ್ತೆ ಒಬ್ಬರೇ, ಕಣ್ಣು ಕಾಣದು. ತಟ್ಟೆ ಮುಂದಿಡಬಲ್ಲರು, ಉಣಿಸಲಾರರು.

"ರಾತ್ರಿ ಊಟ ಒಂದ ಅವ್ಳೇ ಉಣ್ಕೊಂಬುಟ್ರೆ ಸಾಕು ಮೇಡಂ. ಇಲ್ದಿದ್ರೆ ಕೋಡಿಹಳ್ಳೀಲಿ ನಮ್ಮವ್ವನ್ ತಾವ ಬುಟ್ಬತ್ತೀನಿ. ಅಲ್ಲಿ ಇಂತಾ ಇಸ್ಕೂಲಿಲ್ಲ. ಏನ್ಮಾಡನ?"

ಮಾತೆಲ್ಲ ನೇತ್ರಾಳಿಗೆ. ನಾನು ಪಕ್ಕದಲ್ಲೇ ನಿಂತಿದ್ದೇನೆ, ಗೋಡೆಗೆ ಒರಗಿಸಿದ ಪೊರಕೆ.

"ದಿನಾ ನಾನೇ ಬಂದು ಉಣುಸ್ತೀನಿ ಕಣವ್ವ" ಅಂದೆ.

"ಎಷ್ಟ್ ವರ್ಸ ಉಣುಸ್ತೀರಮ್ಮ?"

ಕಟುವಾಗಿ ಅಂದದ್ದಲ್ಲ. ಅದೇ ಚುಚ್ಚಿದ್ದು. ಹೊರಡುವಾಗ ನೇತ್ರಾಳ ಕೈ ಹಿಡಿದುಕೊಂಡು ಗೇಟಿನವರೆಗೆ ಮಾತಾಡುತ್ತಾ ಹೋದಳು. ಹೋದ ವರ್ಷ ಹಿಡಿಯುತ್ತಿದ್ದದ್ದು ನನ್ನ ಕೈ.

23 ಜೂನ್, ಸೋಮ

ಬೆಳಗ್ಗೆ ಧನು ನನ್ನ ನೋಡಿ ಬಾಯಿ ತೆರೆದಳು. ಹಸಿವೋ, ಅಭ್ಯಾಸವೋ. ನನ್ನ ಬುತ್ತಿಯಲ್ಲಿ ಮುದ್ದೆ ಇತ್ತು. ಅಡುಗೆಮನೆ ಹಿಂದಕ್ಕೆ ಎತ್ತಿಕೊಂಡು ಹೋಗಿ ಉಣಿಸಿದೆ. ಪೂರ್ತಿ.

ಮಧ್ಯಾಹ್ನ ನೇತ್ರಾ ಚಮಚ ಕಟ್ಟಿದರೆ ಧನು ಹಲ್ಲು ಕಚ್ಚಿ ಕೂತಳು.

ಹಸಿದ ಮಗುವಿಗೆ ಉಣಿಸಿದ್ದು. ತಪ್ಪೇನು?

25 ಜೂನ್, ಬುಧ

ಇವತ್ತು ಬೇಕೆಂದೇ ಹೆಚ್ಚು ಮುದ್ದೆ ತಂದಿದ್ದೆ. ಧನು ಬಾಯಿ ತೆರೆಯಲೆಂದು ಕಾಯದೆ ಉಣಿಸಿದೆ.

ಮಧ್ಯಾಹ್ನ ನೇತ್ರಾ ಹಾಡಿದಳು, ಕನ್ನಡಿ ಹಿಡಿದಳು, ತುಟಿಗೆ ಜೇನು ಸವರಿದಳು. ಧನು ಕತ್ತು ತಿರುಗಿಸಿದಳು. ಮೇಡಮ್ಮನ ದುಪಟ್ಟಾ ತುಂಬ ಮೊಸರು. ಒಂದು ಲೋಟ ಮಜ್ಜಿಗೆ ಕೊಟ್ಟೆ. "ಥ್ಯಾಂಕ್ಸ್ ಅಮ್ಮ" ಅಂದಳು. ಕೊಡುವಾಗ ನನಗೆ ಎಷ್ಟು ಹಾಯಾಗಿತ್ತು ಅಂದರೆ...

ಕಲ್ಯದಲ್ಲಿರುವ ತಮ್ಮ ನೀಲಕಂಠನಿಗೆ ಕಾಗದ ಬರೆಯಲು ಕೂತೆ. ಹಸುವಿನ ವಿಚಾರ ಕೇಳಿದೆ, ಮಂಡಿನೋವು ಬರೆದೆ. ಇದನ್ನು ಬರೆಯಲಾಗಲಿಲ್ಲ.

27 ಜೂನ್, ಶುಕ್ರ

ಇವತ್ತೂ ಉಣಿಸಿದೆ.

ಮಕ್ಕಳು ಹೋದ ಮೇಲೆ ನೇತ್ರಾ ಅಡುಗೆಮನೆಗೆ ಬಂದು ನೆಲದ ಮೇಲೆ ಕೂತಳು. ನಾನು ಅಕ್ಕಿ ಆರಿಸುತ್ತಿದ್ದೆ. ಅವಳೂ ಮೊರಕ್ಕೆ ಕೈ ಹಾಕಿದಳು.

"ನನ್ನ ಕೈಲಿ ಆಗ್ಲಿಲ್ಲ ಅಮ್ಮ. ದಿವ್ಯಾಗೆ ಹೇಳ್ಬಿಟ್ಟೆ. ಭಾನುವಾರ ಕೋಡಿಹಳ್ಳಿಗೆ ಕರ್ಕೊಂಡು ಹೋಗ್ತಾರಂತೆ."

ನಾನು ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟೆ.

"ಎಲ್ಲಿ ತಪ್ಪಿದೆ ಅಂತಾನೇ ಗೊತ್ತಾಗ್ತಿಲ್ಲ. ಮೊದಲನೇ ವಾರ ನಾಲಗೆಯಾದ್ರೂ ಚಾಚ್ತಿದ್ಳು. ಈಗ ಅದೂ ಇಲ್ಲ. ನಿಮಗೇನಾದ್ರೂ ಹೊಳೆಯುತ್ತಾ?"

"ನಂಗೇನ್ ಗೊತ್ತು. ಓದಿರೋರು ನೀವು."

ಎದ್ದು ಹೋದಳು. ಸೋಲುವುದು ನೇತ್ರಾ ಅಂದುಕೊಂಡಿದ್ದೆ. ಹೋಗುವುದು ಧನು. ದಿವ್ಯ ನನ್ನ ಮುಂದೆಯೇ ಹೇಳಿದ್ದಳಲ್ಲ. ಕೇಳಿಸಿತ್ತು. ಕಿವಿಗೆ ಹಾಕಿಕೊಂಡಿರಲಿಲ್ಲ. ಸೋಮವಾರ ವ್ಯಾನಿನಿಂದ ಯಾರನ್ನು ಎತ್ತಿಕೊಳ್ಳಲಿ...

28 ಜೂನ್, ಶನಿ

ಗಫಾರನ ಮೊಬೈಲು ಕೇಳಿದೆ.

"ಯಾರ್ಗಮ್ಮ?"

"ನಿಮ್ ಮೇಡಮ್ಗೆ."

"ಜಗಳಾನಾ? ಅಂಗಾದ್ರೆ ತಾಳಿ, ಕರೆನ್ಸಿ ಹಾಕುಸ್ಕೊಂಡ್ ಬತ್ತೀನಿ."

ನನ್ನ ಮುಖ ನೋಡಿ ಮುಂದೆ ಮಾತಾಡದೆ ನಂಬರು ಒತ್ತಿಕೊಟ್ಟ. ಒಂದೇ ಉಸಿರಿಗೆ ಹೇಳಿದೆ — ನಿಮ್ಮ ಮುಂದೆ ಕೂರುವ ಮುಂಚೆಯೇ ಆ ಮಗು ಉಂಡಿರುತ್ತಿತ್ತು, ಉಣಿಸುತ್ತಿದ್ದದ್ದು ನಾನೇ, ಕದ್ದು.

ಆ ಕಡೆ ಬಸ್ಸಿನ ಸದ್ದು. ಅದರ ನಡುವೆ ಕೇಳಿದಳು —

"ಈ ವಾರ ಪೂರ್ತೀನಾ?"

"ನೀವು ಬಂದ ದಿನ ಎಲ್ಲ."

"ನಾನು ಪುಸ್ತಕ ಎಲ್ಲ ತಿರುವಿ ಹಾಕ್ತಿದ್ದೆ ಅಮ್ಮ, ನನ್ನ ತಪ್ಪು ಹುಡುಕ್ಕೊಂಡು."

ಬೈದಿದ್ದರೆ ಆಗಿತ್ತು. ಸೋಮವಾರ ಬೆಳಗ್ಗೆ ಏನೂ ಕೊಡಬೇಡಿ, ಊಟದ ಹೊತ್ತಿನಲ್ಲಿ ಅವಳ ಕಣ್ಣಿಗೆ ಬೀಳಬೇಡಿ ಎಂದು ಫೋನ್ ಇಟ್ಟಳು.

ಅಲ್ಲಿಂದ ದಿವ್ಯಳ ಮನೆ. ಧನುವಿನ ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು. ಹೇಳಿದ್ದನ್ನೆಲ್ಲ ಕೇಳಿ ಅಂಗಿಯೊಂದನ್ನು ಹಾಗೇ ಹಿಡಿದು ನಿಂತಳು.

"ಥೂ, ದೊಡ್ಡೋರಾಗಿ ಇದೇನಮ್ಮ ನೀವ್ ಮಾಡಿರದು? ನನ್ ಮಗೀನೇ ಬೇಕಾಗಿತ್ತಾ ನಿಮ್ಗೆ?"

"ಹೂಂ ಕಣವ್ವ" ಅಂದೆ. ಬೇರೆ ಏನು ಹೇಳಲಿ.

ಒಳಗಿಂದ ಅತ್ತೆ, "ಯಾರವ್ವ ಅದು?" ಅಂದರು. ದಿವ್ಯ ಅಂಗಿಯನ್ನು ಚೀಲದ ಮೇಲೆ ಹಾಕಿದಳು.

"ಸೋಮ್ವಾರ ಮಧ್ಯಾನ ನಾನೂ ಬಂದು ಕುಂತ್ಕೊತೀನಿ. ಅವ್ಳು ಉಂಡ್ರೆ ಸರಿ. ಇಲ್ಲಾಂದ್ರೆ ಅಲ್ಲಿಂದ್ಲೇ ಬಸ್ ಹತ್ತದು."

ಧನು ಚಾಪೆ ಮೇಲಿಂದ ನನ್ನ ನೋಡಿ ಬಾಯಿ ತೆರೆದಳು. ಸೆರಗು ಅಡ್ಡ ಹಿಡಿದು ಹೊರಬಂದೆ.

30 ಜೂನ್, ಸೋಮ. ಊಟದ ಹೊತ್ತು

ಅಡುಗೆಮನೆಯಲ್ಲಿ, ಬಾಗಿಲ ಹಿಂದೆ. ಕೈ ಸುಮ್ಮನಿರಲಾರದು, ಅದಕ್ಕೇ ಪೆನ್ನು.

ಬೆಳಗ್ಗೆ ಧನುವನ್ನು ವ್ಯಾನಿನಿಂದ ಗಫಾರನೇ ಇಳಿಸಿದ. ನೇತ್ರಾ ಮೊಸರನ್ನ ಬಿಟ್ಟು ಮುದ್ದೆಯನ್ನೇ ಸಾರಿನಲ್ಲಿ ಕಿವುಚಿದ್ದಾಳೆ. ಯಾವ ಸಾರು ಇಷ್ಟ ಅಂತ ನನ್ನನ್ನೇ ಕೇಳಿದಳು. ಇನ್ನೇನು ಬೇಕು ನನಗೆ. ಬೇಕು.

ತಟ್ಟೆಗೆ ಚಮಚ ಬಡಿದ ಸದ್ದು. ಸಾರು ಚೆಲ್ಲಿರಬೇಕು. "ತಾಳಿ ದಿವ್ಯಾ, ನೀವು ಒರೆಸ್ಬೇಡಿ."

ಧನು ಅಳುತ್ತಿದ್ದಾಳೆ. ಆ ಅಳು ನನಗೆ ಗೊತ್ತು, ನನ್ನನ್ನು ಕರೆಯುವ ಅಳು. ಕಾಲು ತಾನೇ ಎದ್ದಿತು. ಕೂರಿಸಿದೆ.

ಇನ್ನೂ ಅಳು.

ನಿಂತಿತು. ಏನೂ ಕೇಳಿಸದು...

ಚಮಚ ತಟ್ಟೆಯನ್ನು ಕೆರೆದದ್ದು. ತಡೆದು ತಡೆದು. ಇನ್ನೊಮ್ಮೆ.

ದಿವ್ಯ ನಗುತ್ತಿದ್ದಾಳೋ ಅಳುತ್ತಿದ್ದಾಳೋ — "ಮುಚ್ಚುದ್ಲು ಮೇಡಂ, ತುಟಿ ಮುಚ್ಚುದ್ಲು, ನೋಡಿ, ತಗೊಂಡ್ಲು."

ಮೇಡಂ ಅಂದಳು. ಅನ್ನಲಿ. ಹೊಟ್ಟೆ ಉರಿಯುತ್ತಿದೆ, ಕಣ್ಣೂ ತುಂಬುತ್ತಿದೆ. ಎರಡೂ ಒಟ್ಟಿಗೇ ಆಗುತ್ತದೆ ಅಂತ ಗೊತ್ತಿರಲಿಲ್ಲ.

ನೇತ್ರಾ ಕೂಗುತ್ತಿದ್ದಾಳೆ. "ಅಮ್ಮ, ಬನ್ನಿ, ಬಂದು ನೋಡಿ."

ಹೋಗುವುದಿಲ್ಲ. ಮೊದಲು ತಟ್ಟೆ ಖಾಲಿಯಾಗಲಿ. ಈಗ ನನ್ನ ಮುಖ ಕಂಡರೆ ಚಮಚ ಬಿಟ್ಟು ಬಾಯಿ ತೆರೆದುಬಿಡುತ್ತಾಳೆ. ಖುಷಿಯಲ್ಲಿ ನೇತ್ರಾ ಅದನ್ನು ಮರೆತಿದ್ದಾಳೆ. ನಾನು ಮರೆತಿಲ್ಲ. ಅಷ್ಟಾದರೂ ನನ್ನ ಕೈಲಿ ಆಗುತ್ತದೆ.